ಹದಿನಾಲ್ಕನೆಯ ತಿಂಗಳ ಹೆಸರು

ಕಾಸರಗೋಡಿನಲ್ಲಿ ರೈಲು ಹತ್ತಿ ಮಡಗಾಂವಿನಲ್ಲಿಳಿದು, ಫೋಂಡಾಕ್ಕೆ ಬಸ್ಸು ಹಿಡಿದು, ಅಲ್ಲಿಂದ ಬೆಳಗಾವಿ ರಸ್ತೆಯ ಮತ್ತೊಂದು ಬಸ್ಸಿನಲ್ಲಿ ಖಾಂಡೇಪಾರ ಹೊಳೆಯನ್ನು ದಾಟಿದರೆ ಉಸಗಾಂವ ಸಿಗುತ್ತದೆ. ಗೋವೆಯೆಂದರೆ ಸಮುದ್ರದ ದಂಡೆ, ಇಗರ್ಜಿ, ಫೆನ್ನಿ ಎಂದು ತಿಳಿದು ಹೋದವರಿಗೆ ಇಲ್ಲಿ ನಿರಾಶೆಯೇ ಸರಿ. ಇಲ್ಲಿರುವುದು ದೊಡ್ಡದೊಂದು ಟಯರು ಕಾರ್ಖಾನೆ, ಟಿಸ್ಕದ ಅಂಗಡಿಸಾಲು, ಅದಿರಿನ ಲಾರಿಗಳು ಹಿಂದೊಮ್ಮೆ ರಸ್ತೆಯುದ್ದಕ್ಕೂ ಎರಚಿಹೋದ ಕೆಂಪು ಧೂಳಿನ ನೆನಪು. ಆದರೆ ಕಿವಿಗೆ ನಿರಾಶೆಯಾಗಲಿಲ್ಲ. ಬಸ್ಸಿಳಿದು ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಗದಗದ ಕನ್ನಡ, ಬಿಜಾಪುರದ ಕನ್ನಡ ಕೇಳಿಸಿತು. ನಾವು ಹೋದ ಮನೆಯಲ್ಲಿ ಮಾತ್ರ ಕುಂಬಳೆ ಸೀಮೆಯ ಕನ್ನಡವೇ ನಡೆಯುತ್ತದೆ. ಮೂವತ್ತು ವರ್ಷಗಳ ಹಿಂದೆ ಕೆಲಸ ಹುಡುಕಿಕೊಂಡು ಅಲ್ಲಿಗೆ ಹೋದ ನಮ್ಮ ಸಂಬಂಧಿಕರ ಮನೆ ಅದು.

ನಾವು ಹೋದದ್ದು ಗೃಹಪ್ರವೇಶದ ಊಟಕ್ಕೆ. ಊಟದ ಬಳಿಕ ಎಲೆಯಡಿಕೆ ಹಾಕುತ್ತಾ ಕುಳಿತಾಗ ಆ ಮನೆಯ ಮಗ ಹೇಳಿದ ಕಥೆ ಇದು. ಕೇಳಿದ ಮೇಲೆ ಅದನ್ನು ಬರೆಯದಿರಲು ನಮ್ಮಿಂದಾಗಲಿಲ್ಲ. ಕಂಪ್ಯೂಟರಿನ ವಿಷಯವೆಂದು ಓದುಗರು ಪುಟ ತಿರುವಬಾರದು. ಇದು ಇಪ್ಪತ್ತು ಮನೆಗಳ ಹಣದ ವಿಷಯ, ಒಂದು ಮನೆಯ ಮಾನದ ವಿಷಯ.

ಆ ಬೀದಿಯ ಹೆಂಗಸರು ಸೇರಿ 2017ರ ಜೂನ್ ತಿಂಗಳಿನಲ್ಲಿ ಒಂದು ಕೈಚೀಟಿ ಕಟ್ಟಿದರು. ಇಪ್ಪತ್ತು ಮನೆ, ತಿಂಗಳಿಗೆ ತಲಾ ಸಾವಿರ ರೂಪಾಯಿ. ಪ್ರತಿ ತಿಂಗಳು ಒಬ್ಬರಿಗೆ ಇಪ್ಪತ್ತು ಸಾವಿರ. ಹರಾಜಿಲ್ಲ, ಬಡ್ಡಿಯಿಲ್ಲ, ಸರದಿ ಮಾತ್ರ. ಆ ಸರದಿಯನ್ನು ಯಾರು ಹೇಳಬೇಕು? ಹಿಂದೆಲ್ಲ ಹಿತ್ತಾಳೆ ಚೊಂಬಿನಲ್ಲಿ ಹೆಸರಿನ ಚೀಟಿ ಹಾಕಿ ಮಗುವಿನ ಕೈಯಿಂದ ಎತ್ತಿಸುತ್ತಿದ್ದರು. ಚೀಟಿ ಮಡಚುವವರ ಮೇಲೆ, ಚೊಂಬು ಹಿಡಿಯುವವರ ಮೇಲೆ ಪ್ರತಿಸಲವೂ ಒಂದು ಗುಮಾನಿ. ನಮ್ಮ ಸಂಬಂಧಿಕರ ಮಗ ಆಗ ಕಾಲೇಜಿನಲ್ಲಿ ಕಂಪ್ಯೂಟರು ಓದುತ್ತಿದ್ದ. "ನಾನು ಪ್ರೋಗ್ರಾಮು ಬರೆದು ಕೊಡುತ್ತೇನೆ, ಯಾರ ಕೈಯೂ ಬೇಡ" ಎಂದ. ಎಲ್ಲರೂ ಒಪ್ಪಿದರು. ಕಾಲೇಜು ಹುಡುಗರ ಮಾತಿಗೆ ಆ ಬೀದಿಯಲ್ಲಿ ಬೆಲೆ ಉಂಟು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ರಾಜ್ಯದ ಸರಕಾರಿ ಲಾಟರಿ ಶುರುವಾದದ್ದು 1967ರಲ್ಲಿ. ಮೊದಲ ಡ್ರಾ 1968ರ ಜನವರಿ 26ರಂದು. ಅಂದಿನಿಂದ ಇಂದಿನವರೆಗೆ ಡ್ರಾ ಎಂದರೆ ಹತ್ತು ಜನ ನೋಡುತ್ತಿರುವಾಗ ತಿರುಗುವ ಯಂತ್ರವೆಂದು ನಮ್ಮ ಜನರಿಗೆ ಗೊತ್ತು. ಕಂಪ್ಯೂಟರಿನೊಳಗೆ ತಿರುಗುವಂಥದ್ದೇನೂ ಇಲ್ಲ. ಅದು ಲೆಕ್ಕ ಮಾತ್ರ ಮಾಡಬಲ್ಲದು, ಮತ್ತು ಲೆಕ್ಕಕ್ಕೆ ಉತ್ತರ ಒಂದೇ. ಹಾಗಿರುವಾಗ ಗೊತ್ತುಗುರಿಯಿಲ್ಲದ ಸಂಖ್ಯೆ ಅದಕ್ಕೆಲ್ಲಿಂದ ಬರಬೇಕು? ಪುಸ್ತಕದ ಭಾಷೆಯಲ್ಲಿ ಇದಕ್ಕೆ ಯಾದೃಚ್ಛಿಕ ಸಂಖ್ಯೆಯೆಂದು ಹೆಸರು. ನಾಲಗೆ ಹೊರಳದವರು ಕುರುಡು ಸಂಖ್ಯೆಯೆಂದರೂ ಅಡ್ಡಿಯಿಲ್ಲ. ಕಂಪ್ಯೂಟರಿಲ್ಲದ ಕಾಲದಲ್ಲಿ ಇಂಥ ಸಂಖ್ಯೆಗಳನ್ನು ಪುಸ್ತಕವಾಗಿಯೇ ಅಚ್ಚು ಹಾಕುತ್ತಿದ್ದರು. 1927ರಲ್ಲಿ ಇಂಗ್ಲೆಂಡಿನ ಟಿಪೆಟ್ ಎಂಬವರು 41,600 ಅಂಕೆಗಳ ಪಟ್ಟಿ ಹೊರತಂದರು. 1955ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆ ಹತ್ತು ಲಕ್ಷ ಅಂಕೆಗಳ ಪುಸ್ತಕವನ್ನೇ ಪ್ರಕಟಿಸಿತು. ಓದುವುದಕ್ಕೆ ಅಷ್ಟು ನೀರಸವಾದ ಪುಸ್ತಕ ಇನ್ನೊಂದಿರಲಾರದು, ಆದರೆ ಶಾಸ್ತ್ರಜ್ಞರಿಗೆ ಅದು ಪಂಚಾಂಗದಷ್ಟೇ ಬೇಕಾದದ್ದು.

ಕಂಪ್ಯೂಟರು ಬಂದ ಮೇಲೆ ಅದಕ್ಕೊಂದು ಉಪಾಯ ಕಂಡುಕೊಂಡರು. ಮೊದಲು ಒಂದು ಸಂಖ್ಯೆಯನ್ನು ನಾವು ಕೊಡುವುದು. ಅದಕ್ಕೆ ಬೀಜವೆಂದು ಹೆಸರು. ಅದನ್ನು ಕಲಸಿ, ತಿರುವಿ, ಮುರಿದು ಮತ್ತೊಂದು ಸಂಖ್ಯೆ, ಅದರಿಂದ ಮಗದೊಂದು. ನೋಡುವವರಿಗೆ ತಲೆಬುಡ ತಿಳಿಯದು. ಆದರೆ ಅದೇ ಬೀಜ ಬಿತ್ತಿದರೆ ಪ್ರತಿಸಲವೂ ಅದೇ ಪೈರು. ನಮ್ಮ ಹುಡುಗ ಬಳಸಿದ ಭಾಷೆಯ ಹೆಸರು ಪೈಥಾನ್. ಅದರಲ್ಲಿ 2003ರಿಂದ ಬಳಕೆಯಲ್ಲಿರುವ ವಿಧಾನ ಜಪಾನಿನ ಮಾಕೊತೊ ಮಾತ್ಸುಮೊತೊ ಮತ್ತು ತಕುಜಿ ನಿಶಿಮುರ ಅವರದು, ಮರ್ಸೆನ್ ಟ್ವಿಸ್ಟರ್ ಎಂದು ಕರೆಯುತ್ತಾರೆ. ಅದು ಬಂದ ದಾರಿಗೇ ಮರಳಬೇಕಾದರೆ ಆರು ಸಾವಿರ ಅಂಕೆಗಳಿಗೂ ಮಿಕ್ಕಿದ ಸಂಖ್ಯೆಯಷ್ಟು ಹೆಜ್ಜೆ ನಡೆಯಬೇಕು. ಅಷ್ಟು ಆಯುಷ್ಯ ಯಾರಿಗೂ ಇಲ್ಲ, ಭೂಮಿಗೂ ಇಲ್ಲ.

ಕೈಚೀಟಿಗೆ ಇದು ಹೇಳಿ ಮಾಡಿಸಿದಂತಿತ್ತು. ಮೊದಲ ದಿನ ಐದು ಜನ ಹೆಂಗಸರು ತಮಗೆ ತೋಚಿದ ಒಂದೊಂದು ಅಂಕೆ ಹೇಳಿದರು. ಆ ಐದಂಕಿಯ ಸಂಖ್ಯೆಯೇ ಬೀಜ. ಅದನ್ನು ಚೀಟಿಯ ಪುಸ್ತಕದ ಮೊದಲ ಪುಟದಲ್ಲಿ ಬರೆದು ಎಲ್ಲರೂ ಸಹಿ ಹಾಕಿದರು. ಹುಡುಗ ತನ್ನ ಜಾಣತನ ತೋರಿಸಲೆಂದೋ ಏನೋ, ಆ ಬೀಜದಿಂದ ಹೊರಟ ಮೊದಲ ಮೂರು ದಶಾಂಶ ಸಂಖ್ಯೆಗಳನ್ನೂ ಕೆಳಗೆ ಬರೆದಿಟ್ಟ. ಆ ಜಾಣತನವೇ ಮುಂದೆ ಅವನನ್ನು ಉಳಿಸಿತು. ಇಪ್ಪತ್ತು ಹೆಸರುಗಳ ಸರದಿ ಒಂದೇ ಕ್ಷಣದಲ್ಲಿ ಸಿದ್ಧವಾಗುತ್ತಿತ್ತು, ಆದರೆ ಎಲ್ಲವನ್ನೂ ಒಮ್ಮೆಗೇ ಹೇಳಬಾರದೆಂದು ನಿಯಮ. ಕೊನೆಯ ಸರದಿಯವರು ಮೊದಲ ತಿಂಗಳೇ ಬಿಟ್ಟು ಹೋದಾರೆಂಬ ಭಯ. ಆದ್ದರಿಂದ ತಿಂಗಳಿಗೊಮ್ಮೆ ಪ್ರೋಗ್ರಾಮು ಓಡಿಸಿ ಆ ತಿಂಗಳ ಹೆಸರೊಂದನ್ನೇ ಓದುವುದು. ನಾಲ್ಕನೆಯ ತಿಂಗಳು ಹುಡುಗನ ತಾಯಿಯ ಹೆಸರೇ ಬಂತು. ಆಗ ಯಾರೂ ಏನೂ ಹೇಳಲಿಲ್ಲ.

ಹದಿಮೂರು ತಿಂಗಳು ಹೀಗೆ ಸುಸೂತ್ರವಾಗಿ ಹೋಯಿತು. 2018ರ ಮಳೆಗಾಲದಲ್ಲಿ ಸಿಡಿಲಿಗೋ ತೇವಕ್ಕೋ ಆ ಹಳೆಯ ಕಂಪ್ಯೂಟರು ಕೆಟ್ಟು ಕೂತಿತು. ಹುಡುಗ ಹೊಸ ಲ್ಯಾಪ್‌ಟಾಪು ತಂದು ಅದರಲ್ಲಿ ಪೈಥಾನಿನ ಹೊಸ ಆವೃತ್ತಿ ಹಾಕಿಕೊಂಡ. ಹಳೆಯದು ಎರಡನೆಯ ಪೈಥಾನ್, ಹೊಸದು ಮೂರನೆಯದು. ಪ್ರೋಗ್ರಾಮು ಓಡಿಸಿದ ಕೂಡಲೇ ಹೊಸ ಯಂತ್ರ ತಕರಾರು ತೆಗೆಯಿತು. ಹೆಸರನ್ನು ಪರದೆಯ ಮೇಲೆ ತೋರಿಸೆಂದು ಹೇಳುವ ಪ್ರಿಂಟ್ ಎಂಬ ಆಜ್ಞೆಗೆ ಹೊಸ ಭಾಷೆಯಲ್ಲಿ ಆವರಣ ಚಿಹ್ನೆ ಹಾಕಬೇಕಂತೆ. ಹಾಕಿದ. ತಕರಾರು ನಿಂತಿತು. ಎಲ್ಲ ಸರಿಯಾಯಿತೆಂದು ಅಂಗಳದಲ್ಲಿ ಕೂತ ಹೆಂಗಸರ ಎದುರು ಹದಿನಾಲ್ಕನೆಯ ಹೆಸರನ್ನು ಗಟ್ಟಿಯಾಗಿ ಓದಿದ.

ಅದು ಮೂರನೆಯ ತಿಂಗಳಿನಲ್ಲೇ ಹಣ ತೆಗೆದುಕೊಂಡವರ ಹೆಸರು.

ಗದಗ ಕಡೆಯ ಲಾರಿ ಡ್ರೈವರೊಬ್ಬನ ಹೆಂಡತಿ ಮೊದಲು ಬಾಯಿ ಬಿಟ್ಟಳು. "ಇದೇನ್ ತಮ್ಮಾ, ಕೊಟ್ಟವರಿಗೇ ಮತ್ತ ಕೊಡತೈತೇನು ನಿನ್ನ ಡಬ್ಬಿ? ಹಂಗಾರ ಹಿಂದಿನ ಹದಿಮೂರೂ ಹಿಂಗ ಏನು?" ಆಕೆಯ ಸಿಟ್ಟಿಗೆ ಕಾರಣವಿತ್ತು. ಸುಪ್ರೀಂ ಕೋರ್ಟಿನ ತೀರ್ಪಿನಿಂದ ಆ ವರ್ಷ ಮಾರ್ಚ್ 15ರ ಬಳಿಕ ಗೋವೆಯ 88 ಗಣಿ ಗುತ್ತಿಗೆಗಳಲ್ಲಿ ಅಗೆತ ನಿಂತುಹೋಗಿತ್ತು. ಗಂಡನ ಲಾರಿ ಮನೆಯ ಮುಂದೆ ನಿಂತಿತ್ತು. ಮಗಳ ಶಾಲೆಯ ಫೀಸು ಬಾಕಿ. ಇನ್ನೂ ಬಾರದ ಏಳು ಹೆಸರುಗಳಲ್ಲಿ ಆಕೆಯದೂ ಒಂದು. "ಅಕ್ಕಾರ, ನಾಳಿವರೆಗೆ ಟೈಮ್ ಕೊಡಿ" ಎಂದ ಹುಡುಗ. ಅಂಗಳದಲ್ಲಿ ಯಾರೋ ನಾಲ್ಕನೆಯ ತಿಂಗಳನ್ನು ನೆನಪಿಸಿದರು. ತಾಯಿ ಎದ್ದು ಒಳಗೆ ಹೋದರು. "ಅಮ್ಮ ಆ ರಾತ್ರಿ ಊಟ ಮಾಡಲಿಲ್ಲ ಮಾವ" ಎಂದು ನಮಗೆ ಹೇಳುವಾಗಲೂ ಅವನ ಮುಖ ಸಣ್ಣದಾಯಿತು.

ಆ ರಾತ್ರಿ ಅವನು ಮಾಡಿದ ಮೊದಲ ಕೆಲಸ ಪುಸ್ತಕದ ಮೊದಲ ಪುಟ ತೆರೆದದ್ದು. ಹೊಸ ಯಂತ್ರಕ್ಕೆ ಅದೇ ಬೀಜ ಕೊಟ್ಟು ದಶಾಂಶ ಸಂಖ್ಯೆ ಕೇಳಿದ. ಮೂರೂ ಅಕ್ಷರಶಃ ಅವೇ! ಅಂದರೆ ಬೀಜ ಕೆಟ್ಟಿಲ್ಲ, ಪೈರು ಕೆಟ್ಟಿಲ್ಲ. ಕೊಯ್ಲಿನಲ್ಲಿ ಏನೋ ವ್ಯತ್ಯಾಸ. ಓದುಗರಲ್ಲಿ ಕಂಪ್ಯೂಟರು ಬಲ್ಲ ಮಕ್ಕಳಿದ್ದರೆ ನೋಡಿಸಬಹುದು: 42 ಎಂಬ ಬೀಜ ಕೊಟ್ಟರೆ ಎರಡನೆಯ ಪೈಥಾನೂ ಮೂರನೆಯ ಪೈಥಾನೂ ಮೊದಲು ಕೊಡುವುದು 0.6394267984578837 ಎಂಬುದನ್ನೇ.

ಇನ್ನು ಹೆಸರು ಕಲಸುವ ಕ್ರಮ. ಇಪ್ಪತ್ತು ಚೀಟಿಗಳನ್ನು ಸಾಲಾಗಿ ಇಟ್ಟಿದ್ದೀರೆಂದು ಭಾವಿಸಿ. ಕುರುಡು ಸಂಖ್ಯೆಯಿಂದ ಒಂದು ಸ್ಥಾನ ಆರಿಸಿ, ಕೊನೆಯ ಚೀಟಿಯನ್ನೂ ಆ ಸ್ಥಾನದ ಚೀಟಿಯನ್ನೂ ಅದಲುಬದಲು ಮಾಡಬೇಕು. ಆಮೇಲೆ ಹತ್ತೊಂಬತ್ತರೊಳಗೆ ಒಂದು ಸ್ಥಾನ, ಹಾಗೇ ಕೆಳಗಿಳಿಯುತ್ತಾ ಬರಬೇಕು. ಫಿಶರ್ ಮತ್ತು ಯೇಟ್ಸ್ ಎಂಬ ಇಬ್ಬರು 1938ರಲ್ಲಿ ಪುಸ್ತಕದಲ್ಲಿ ಕೊಟ್ಟ ಕ್ರಮದ ಸುಧಾರಿತ ರೂಪವಿದು. ಸ್ಥಾನ ಆರಿಸುವುದು ಹೇಗೆ? ಎರಡನೆಯ ಪೈಥಾನ್ ದಶಾಂಶ ಸಂಖ್ಯೆಯನ್ನು ಇಪ್ಪತ್ತರಿಂದ ಗುಣಿಸಿ ಚಿಲ್ಲರೆಯನ್ನು ಬಿಟ್ಟುಬಿಡುತ್ತಿತ್ತು. ಮೇಲಿನ ಉದಾಹರಣೆಯಲ್ಲಾದರೆ 12.788 ಬರುತ್ತದೆ, ಚಿಲ್ಲರೆ ಬಿಟ್ಟರೆ 12. ಸೊನ್ನೆಯಿಂದ ಎಣಿಸುವುದರಿಂದ ಅದು ಹದಿಮೂರನೆಯ ಚೀಟಿ.

ಈ ಚಿಲ್ಲರೆ ಬಿಡುವುದರಲ್ಲಿ ಒಂದು ಸಣ್ಣ ಅನ್ಯಾಯವಿದೆ. ನಯಾ ಪೈಸೆ ಬಂದ ಕಾಲವನ್ನು ಕಂಡವರಿಗೆ ಇದು ಬೇಗ ಅರ್ಥವಾದೀತು. 1957ರ ಏಪ್ರಿಲ್ 1ರಂದು ಹದಿನಾರಾಣೆಯ ರೂಪಾಯಿಯನ್ನು ನೂರು ಪೈಸೆ ಮಾಡಿದಾಗ ಒಂದಾಣೆಗೆ ಆರೂಕಾಲು ಪೈಸೆಯಾಗಬೇಕು. ಕಾಲು ಪೈಸೆಯ ನಾಣ್ಯವಿಲ್ಲವಾದ್ದರಿಂದ ಆರೇ ಪೈಸೆ. ಒಂದೊಂದಾಣೆಯಂತೆ ನಾಲ್ಕು ಸಲ ಕೊಟ್ಟವನಿಗೆ 24, ಒಟ್ಟಿಗೆ ನಾಲ್ಕಾಣೆ ಕೊಟ್ಟವನಿಗೆ 25. ಎಲ್ಲೋ ಯಾರದೋ ಕೈಯಿಂದ ಒಂದು ಪೈಸೆ ಜಾರಿತು. ಕಂಪ್ಯೂಟರಿನ ದಶಾಂಶವೂ ಹೀಗೆಯೇ. ಅದರಲ್ಲಿ ಸಾಧ್ಯವಿರುವ ಬೆಲೆಗಳ ಸಂಖ್ಯೆ ಎರಡನ್ನು 53 ಬಾರಿ ಗುಣಿಸಿದಷ್ಟು. ಅದನ್ನು ಇಪ್ಪತ್ತು ಮನೆಗಳಿಗೆ ಸಮನಾಗಿ ಹಂಚಲು ಬರುವುದಿಲ್ಲ. ಕೆಲವು ಮನೆಗಳಿಗೆ ಒಂದು ಕಾಳು ಹೆಚ್ಚು. ಇಪ್ಪತ್ತು ಹೆಸರಿನ ಚೀಟಿಯಲ್ಲಿ ಆ ವ್ಯತ್ಯಾಸ ಕಣಜದಲ್ಲಿ ಒಂದು ಕಾಳಿಗೂ ಸಮವಲ್ಲ. ಆದರೆ ಕೋಟಿ ಕೋಟಿಗಳಲ್ಲಿ ಆರಿಸುವ ಶಾಸ್ತ್ರಜ್ಞರಿಗೆ ಅದು ಕಣ್ಣಿಗೆ ಬೀಳುವಂಥದ್ದು.

ಆದ್ದರಿಂದ 2011ರ ಫೆಬ್ರವರಿಯಲ್ಲಿ ಬಂದ ಪೈಥಾನಿನ 3.2 ಆವೃತ್ತಿಯಲ್ಲಿ ಕ್ರಮವನ್ನೇ ಬದಲಿಸಿದರು. ಹೊಸ ಕ್ರಮ ನಮ್ಮ ಚೌಕಾಬಾರದ ಕವಡೆಯ ಹಾಗೆ. ಐದು ಕವಡೆ ಎಸೆದರೆ, ಯಾವ ಕವಡೆ ಅಂಗಾತ ಯಾವುದು ಕವುಚು ಎಂದು ಬೇರೆಬೇರೆಯಾಗಿ ಗುರುತಿಸಿದರೆ 32 ಬಗೆ. ಸೊನ್ನೆಯಿಂದ 19ರವರೆಗೆ ಬಿದ್ದರೆ ಸರಿ, ಅದೇ ಸ್ಥಾನ. ಅದಕ್ಕಿಂತ ಮೇಲೆ ಬಿದ್ದರೆ ಆ ಆಟ ರದ್ದು, ಮತ್ತೆ ಎಸೆಯಬೇಕು. ಚಿಲ್ಲರೆಯ ಪ್ರಶ್ನೆಯೇ ಇಲ್ಲ, ಎಲ್ಲರಿಗೂ ಸಮಪಾಲು. ನಿಜವಾದ ಕವಡೆಗೆ ಅಂಗಾತ ಬೀಳುವುದೂ ಕವುಚಿ ಬೀಳುವುದೂ ಸಮವಲ್ಲವೆಂದು ಆಡಿದವರೆಲ್ಲರೂ ಬಲ್ಲರು. ಕಂಪ್ಯೂಟರಿನ ಕವಡೆಗೆ ಆ ದೋಷವಿಲ್ಲ.

ಬದಲಾವಣೆ ಒಳ್ಳೆಯದೇ. ಆದರೆ ಕಲಸುವ ಆಜ್ಞೆಯ ಹೆಸರು ಹಿಂದಿನದೇ ಉಳಿಯಿತು. ಅಂಗಡಿಯ ಸಾಂಬಾರು ಪುಡಿಯ ಪಾಕ ಬದಲಿಸಿ ಹಳೆಯ ಪೊಟ್ಟಣದಲ್ಲೇ ಮಾರಿದಂತೆ. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿದ್ದರು ನಿಜ. ಭಾಷೆಯ ಕೈಪಿಡಿಯಲ್ಲಿ ಆ ಬದಲಾವಣೆಯ ಉಲ್ಲೇಖವಿದೆ. ಯಾವುದು ಎಂದೆಂದಿಗೂ ಬದಲಾಗದು ಎಂಬ ವಚನವೂ ಅಲ್ಲೇ ಇದೆ: ಅದೇ ಬೀಜಕ್ಕೆ ಅದೇ ದಶಾಂಶಗಳ ಸಾಲು ಬರುತ್ತದೆ, ಅಷ್ಟೇ. ಉಳಿದ ಯಾವ ಕ್ರಮವೂ ಮಾರ್ಪಡಬಹುದು. ಕೈಪಿಡಿ ಓದದವನು ನಮ್ಮ ಹುಡುಗನೊಬ್ಬನೇ ಅಲ್ಲ. ಆವರಣ ಚಿಹ್ನೆಯಂಥ ಅಲ್ಪ ವಿಷಯಕ್ಕೆ ಯಂತ್ರ ಬೊಬ್ಬೆ ಹಾಕಿತು, ಸರದಿಯೇ ತಲೆಕೆಳಗಾದಾಗ ಮಾತ್ರ ಮೌನವಾಗಿ ಮತ್ತೊಂದು ಹೆಸರು ಕೊಟ್ಟಿತು. ನಮಗೆ ಇದೇ ದೊಡ್ಡ ದೋಷವೆಂದು ಕಾಣುತ್ತದೆ. ಬದಲಾಯಿಸುವವರು ಬೊಬ್ಬೆ ಹಾಕುವಂತೆ ಬದಲಾಯಿಸಬೇಕಿತ್ತು.

ಬೇರೆ ಭಾಷೆಗಳವರು ಈ ಇಕ್ಕಟ್ಟನ್ನು ಬೇರೆಬೇರೆ ರೀತಿಯಲ್ಲಿ ದಾಟಿದ್ದಾರೆ. ಸಂಖ್ಯಾಶಾಸ್ತ್ರದವರು ಬಳಸುವ ಆರ್ ಎಂಬ ಭಾಷೆಯ ಆಯ್ಕೆ ಕ್ರಮದಲ್ಲಿ ಇದೇ ಜಾತಿಯ, ಇನ್ನೂ ದೊಡ್ಡದಾದ ಓರೆಯನ್ನು ಕೆಲ್ಲಿ ಓಟಬೋನಿ ಮತ್ತು ಫಿಲಿಪ್ ಸ್ಟಾರ್ಕ್ ಎತ್ತಿ ತೋರಿಸಿದರು. 2019ರ ಏಪ್ರಿಲಿನ 3.6.0 ಆವೃತ್ತಿಯಲ್ಲಿ ಅದನ್ನು ತಿದ್ದಿದರು, ಹಳೆಯ ಲೆಕ್ಕ ಬೇಕಾದವರು ಕೇಳಿ ಪಡೆಯಬಹುದೆಂದು ದಾರಿಯನ್ನೂ ಇಟ್ಟರು. ಪಿಎಚ್‌ಪಿಯವರದು ಇನ್ನೂ ಸ್ವಾರಸ್ಯ. ಮರ್ಸೆನ್ ಟ್ವಿಸ್ಟರನ್ನು ತಮ್ಮ ಭಾಷೆಗೆ ಇಳಿಸುವಾಗಲೇ ತಪ್ಪು ಮಾಡಿದ್ದರು, 2016ರ 7.1 ಆವೃತ್ತಿಯಲ್ಲಿ ಸರಿಪಡಿಸಿ, ಆ ತಪ್ಪು ಲೆಕ್ಕಕ್ಕೂ ಪ್ರತ್ಯೇಕ ಹೆಸರು ಕೊಟ್ಟು ಉಳಿಸಿಕೊಂಡರು. ರಸ್ಟ್ ಭಾಷೆಯಲ್ಲಿ ಸಂಖ್ಯೆ ಕೇಳುವ ಆಜ್ಞೆಯ ಹೆಸರು ಜೆನ್ ಎಂದಿತ್ತು. ಭಾಷೆಯ 2024ರ ಸಂಚಿಕೆಯಲ್ಲಿ ಆ ಪದವನ್ನೇ ಬೇರೆ ಕೆಲಸಕ್ಕೆ ಕಾದಿರಿಸಿದ್ದರಿಂದ ಹೆಸರು ಬದಲಿಸದೆ ಗತ್ಯಂತರವಿರಲಿಲ್ಲ.

ಎಲ್ಲರಿಗಿಂತ ತಾಳ್ಮೆ ತೋರಿದವರು ಗೋ ಭಾಷೆಯವರು. ಗೋವೆಗೂ ಆ ಹೆಸರಿಗೂ ಸಂಬಂಧವಿಲ್ಲ, ಓದುಗರು ತಪ್ಪು ತಿಳಿಯಬಾರದು. ಹಳೆಯ ಪ್ರೋಗ್ರಾಮು ಮುರಿಯಬಾರದೆಂಬ ವಚನ ಕೊಟ್ಟಿದ್ದರಿಂದ ತಮ್ಮ ಕುರುಡು ಸಂಖ್ಯೆಗಳ ಸಂಗ್ರಹದ ಓರೆಕೋರೆಗಳನ್ನು ಅವರು ವರ್ಷಗಟ್ಟಲೆ ಹಾಗೆಯೇ ಇಟ್ಟುಕೊಂಡರು. ಅಲ್ಲಿ ಬೀಜ ಬಿತ್ತಲು ಮರೆತವರಿಗೆ ಪ್ರತಿಸಲವೂ ಅದೇ ಸಂಖ್ಯೆಗಳ ಸಾಲೇ ಬರುತ್ತಿತ್ತು, 2023ರ 1.20 ಆವೃತ್ತಿಯವರೆಗೂ ಹಾಗೆಯೇ. ಕೊನೆಗೆ 2024ರ ಫೆಬ್ರವರಿಯಲ್ಲಿ ಎರಡನೆಯ ಆವೃತ್ತಿಯೆಂದು ಹೆಸರಿನಲ್ಲೇ ಕಾಣುವಂತೆ ಹೊಸ ಸಂಗ್ರಹ ತೆರೆದರು. ಹಳೆಯದನ್ನು ಕಿತ್ತುಹಾಕಲಿಲ್ಲ. ಪೈಸೆಗೆ 'ನಯಾ' ಎಂಬ ಪದ ಸೇರಿಸಿ ಕೆಲಕಾಲ ನಡೆಸಿ, ಎಲ್ಲರಿಗೂ ರೂಢಿಯಾದ ಮೇಲೆ 1964ರಲ್ಲಿ ಆ 'ನಯಾ'ವನ್ನು ಬಿಟ್ಟ ನಮ್ಮ ಸರಕಾರದ ಕ್ರಮಕ್ಕೂ ಇದಕ್ಕೂ ಹೋಲಿಕೆ ಉಂಟು. ಹೊಸದಕ್ಕೆ ಹೊಸ ಹೆಸರಿದ್ದರೆ ಜಗಳ ಅರ್ಧ ಕಡಿಮೆ.

ಉಸಗಾಂವಿಗೆ ಮರಳೋಣ. ಕೈಪಿಡಿ ಓದಿದ ಹುಡುಗನಿಗೆ ಬೆಳಗಿನ ಜಾವ ಒಂದು ಕಿಂಡಿ ಕಂಡಿತು. ಕಲಸುವ ಆಜ್ಞೆಗೆ ಎರಡನೆಯದಾಗಿ ದಶಾಂಶ ಕೊಡುವ ಕ್ರಮವನ್ನೇ ಹೆಸರಿಸಿ ಒಪ್ಪಿಸಿದರೆ ಅದು ಹಳೆಯ ರೀತಿಯಲ್ಲೇ ಗುಣಿಸಿ ಚಿಲ್ಲರೆ ಬಿಟ್ಟು ಲೆಕ್ಕ ಹಾಕುತ್ತಿತ್ತು. ಹಾಗೆ ಮಾಡಿ ಓಡಿಸಿದ. ಪರದೆಯ ಮೇಲೆ ಬಂದ ಮೊದಲ ಹದಿಮೂರು ಹೆಸರುಗಳು ಪುಸ್ತಕದಲ್ಲಿದ್ದ ಹದಿಮೂರು ಸಹಿಗಳೊಂದಿಗೆ ಒಂದೊಂದಾಗಿ ತಾಳೆಯಾದವು.

ಮರುದಿನ ಸಂಜೆ ಅಂಗಳದಲ್ಲಿ ಮತ್ತೆ ಸಭೆ. ಹುಡುಗ ಪುಸ್ತಕವನ್ನು ಗದಗದ ಹೆಂಗಸಿನ ಕೈಗೇ ಕೊಟ್ಟ. ತಾನು ದಶಾಂಶ ಓದುವುದು, ಆಕೆ ಪುಸ್ತಕ ನೋಡುವುದು; ತಾನು ಹೆಸರು ಓದುವುದು, ಆಕೆ ಸಹಿ ನೋಡುವುದು. ಮೊದಲ ಗುಣಾಕಾರವನ್ನು ಕಾಗದದ ಮೇಲೆ ಎಲ್ಲರ ಎದುರಿಗೆ ಮಾಡಿ ತೋರಿಸಿದ. ಇಪ್ಪತ್ತು ಹೆಸರುಗಳಲ್ಲಿ ಹದಿಮೂರು ಅದೇ ಸರದಿಯಲ್ಲಿ ಸುಮ್ಮನೆ ಕೂಡಿಬರಬೇಕಾದರೆ ಎಷ್ಟರಲ್ಲಿ ಒಂದು ಸಲವೆಂದು ನಾವು ಆಮೇಲೆ ಕೂತು ಲೆಕ್ಕ ಹಾಕಿದೆವು: ಸುಮಾರು 4.8 ಕೋಟಿ ಕೋಟಿಯಲ್ಲಿ ಒಂದು. ಅಂಗಳದಲ್ಲಿದ್ದವರಿಗೆ ಆ ಲೆಕ್ಕ ಬೇಕಾಗಲಿಲ್ಲ. ಏಳೆಂಟು ಹೆಸರು ತಾಳೆಯಾಗುವಷ್ಟರಲ್ಲೇ ಮಾತು ತಣ್ಣಗಾಗಿತ್ತಂತೆ. ಹದಿಮೂರೂ ಮುಗಿದ ಮೇಲೆ ಆಕೆ ಪುಸ್ತಕ ಮುಚ್ಚಿ, "ಆತು ಬಿಡು ತಮ್ಮಾ, ನಿನ್ನ ಅವ್ವಗ ಊಟಾ ಮಾಡು ಅನ್ನು" ಎಂದಳಂತೆ.

ಹದಿನಾಲ್ಕನೆಯ ಹೆಸರು ಆಕೆಯದಾಗಿರಲಿಲ್ಲ. ಆಕೆಯ ಸರದಿ ಬಂದದ್ದು ಹದಿನೇಳನೆಯ ತಿಂಗಳಿನಲ್ಲಿ. ಅಷ್ಟರೊಳಗೆ ಕಿವಿಯ ಬೆಂಡೋಲೆ ಅಡವಿಟ್ಟು ಮಗಳ ಫೀಸು ಕಟ್ಟಿಯಾಗಿತ್ತು. ಸರಿಯಾದ ಲೆಕ್ಕದಿಂದ ಆಕೆಗೆ ಬಂದ ಲಾಭ ಅಷ್ಟೇ, ಬಿಡಿಸಿಕೊಳ್ಳಲು ಹಣ ಬಂತು.

ಆ ಕಿಂಡಿಯೂ ಉಳಿಯಲಿಲ್ಲವೆಂಬುದನ್ನು ಹೇಳದಿದ್ದರೆ ಕಥೆ ಪೂರ್ತಿಯಾಗದು. ಎರಡನೆಯ ಪೈಥಾನಿಗೆ 2020ರ ಜನವರಿ 1ಕ್ಕೆ ಆಶ್ರಯ ತಪ್ಪಿತು. ಕಲಸುವ ಆಜ್ಞೆಯ ಆ ಎರಡನೆಯ ಬಾಗಿಲನ್ನು ಮುಚ್ಚುತ್ತೇವೆಂದು 3.9ರಲ್ಲಿ ಎಚ್ಚರಿಸಿ, 2022ರ ಅಕ್ಟೋಬರಿನಲ್ಲಿ ಬಂದ 3.11ರಲ್ಲಿ ಮುಚ್ಚಿಯೇಬಿಟ್ಟರು. ಈ ಸಲ ಮಾತ್ರ ಬೊಬ್ಬೆ ಹಾಕುವಂತೆ ಮುಚ್ಚಿದ್ದಾರೆ. ಹಳೆಯ ರೀತಿಯಲ್ಲಿ ಕೇಳಿದರೆ ಯಂತ್ರ ಸುಮ್ಮನೆ ತಪ್ಪು ಹೆಸರು ಕೊಡದೆ ನಿಂತುಬಿಡುತ್ತದೆ. ಹುಡುಗನಿಗೆ ಅದರಿಂದ ತೊಂದರೆಯಾಗಲಿಲ್ಲ. ಅವನು ಈಗ ಅಂಗಡಿಯ ಪುಡಿ ತರುವುದಿಲ್ಲ. ಬದಲಾಗದೆಂದು ವಚನವಿರುವ ದಶಾಂಶವನ್ನು ಮಾತ್ರ ಭಾಷೆಯಿಂದ ಪಡೆದು, ಗುಣಿಸುವ, ಚಿಲ್ಲರೆ ಬಿಡುವ, ಅದಲುಬದಲು ಮಾಡುವ ನಾಲ್ಕು ಸಾಲುಗಳನ್ನು ತಾನೇ ಬರೆದುಕೊಂಡಿದ್ದಾನೆ. ಚೀಟಿಯ ಪುಸ್ತಕದ ಮೊದಲ ಪುಟದಲ್ಲಿ ಬೀಜದ ಕೆಳಗೆ ಆ ನಾಲ್ಕು ಸಾಲುಗಳು, ಅದರ ಕೆಳಗೆ ಭಾಷೆಯ ಆವೃತ್ತಿಯ ಸಂಖ್ಯೆ, ಮತ್ತೆ ಇಪ್ಪತ್ತು ಸಹಿ. "ಒಳ್ಳೆಯ ಕ್ರಮ ಬಂದ ಮೇಲೂ ಹಳೆಯದನ್ನೇ ಹಿಡಿದಿದ್ದೀಯಲ್ಲ?" ಎಂದು ಕೇಳಿದೆವು. "ಹೊಸ ಚೀಟಿ ಕಟ್ಟುವಾಗ ಹೊಸ ಕ್ರಮ ಹಾಕಬಹುದು ಮಾವ. ನಡೆಯುತ್ತಿರುವ ಚೀಟಿಯ ನಡುವೆ ಆಗದು" ಎಂದ.

ನಾವು ಹೊರಡುವ ಹೊತ್ತಿಗೆ ಅಂಗಳದಲ್ಲಿ ಚಾಪೆ ಹಾಸುತ್ತಿದ್ದರು. ಅಂದು ಚೀಟಿಯ ದಿನವಂತೆ. ಪುಸ್ತಕ ಈಗ ಇರುವುದು ಗದಗದ ಹೆಂಗಸಿನ ಮನೆಯಲ್ಲಿ. ಸೆರಗಿನಡಿ ಅದನ್ನು ಹಿಡಿದು ಬಂದ ಆಕೆ ಕನ್ನಡಕ ಏರಿಸಿ, "ಮದಲ ಆ ಉದ್ದನ್ನ ಸಂಖ್ಯೆ ಓದು, ಹೆಸರು ಆಮ್ಯಾಲ" ಎಂದಳು. ಹುಡುಗ ಓದತೊಡಗಿದ. ಆ ತಿಂಗಳ ಹೆಸರು ಯಾರದೆಂದು ಕೇಳಲು ನಮಗೆ ಪುರುಸೊತ್ತಿರಲಿಲ್ಲ. ಫೋಂಡಾದ ಬಸ್ಸು ಟಿಸ್ಕದಲ್ಲಿ ಹಾರ್ನು ಹಾಕುತ್ತಿತ್ತು.